ಕಷ್ಟಕಾಲದಲ್ಲಿ ನಿಮಗೆ ಕೆಲಸಕ್ಕೆ ಬಂದ ಬೈಬಲ್ ಕಥೆ ಯಾವುದು? ಅನುಭವ ಹೇಳಿ

ಕುಮಟಾದಿಂದ:
ನಮ್ಮವರಿಗೆ ಗೋವಾದಲ್ಲಿದ್ದ ಕೆಲಸ ಹೋಯಿತು, ಈಗ ಮನೆಯಲ್ಲೇ ಇದ್ದಾರೆ. ಮನೆ ಸಾಲದ ಕಂತಿಗೆ ಅದು ಗೊತ್ತಾಗುವುದಿಲ್ಲವಲ್ಲ. ಪ್ರಾರ್ಥನಾ ಕೂಟದಲ್ಲಿ ಎಲ್ಲರೂ "ಯೋಬನ ಹಾಗೆ ತಾಳಿಕೊಳ್ಳಿ" ಅನ್ನುತ್ತಾರೆ, ಆಸ್ತಿ ಮಕ್ಕಳು ಎಲ್ಲ ಕಳೆದುಕೊಂಡರೂ ತಾಳಿಕೊಂಡ ಅಂತ ಬೈಬಲಿನಲ್ಲಿ ಬರುವವನು. ಅದನ್ನು ಕೇಳಿದರೆ ಇವರಿಗೆ ಮೈ ಉರಿಯುತ್ತದೆ. ರಾತ್ರಿ ಇಬ್ಬರೂ ಕೂತು ಓದಲು ಬೇರೆ ಯಾವ ಕಥೆ ತೆಗೆಯಲಿ? ಓದಿದ ಮೇಲೆ ನೀವು ಏನು ಮಾಡಿದಿರಿ ಅನ್ನುವುದನ್ನೂ ಬರೆಯಿರಿ.

ಹೊನ್ನಾವರ ಟೀಚರ್:
ನಿಮ್ಮವರಿಗೆ ಸಿಟ್ಟು ಬರುವುದು ಸರಿಯೇ ಇದೆ. ನನ್ನ ಗಂಡನಿಗೆ ಎದೆನೋವು ಬಂದಾಗ ಮಂಗಳೂರಿಗೇ ಓಡಬೇಕಾಯಿತು, ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಸಿಗದ ಕಥೆ ನಿಮಗೇ ಗೊತ್ತಲ್ಲ. ಆಂಬುಲೆನ್ಸಿಗೆ 11,000. ಅಡ್ವಾನ್ಸ್ 80,000 ಕಟ್ಟಿದ ಮೇಲೆ ಫೈಲ್ ಮುಂದೆ ಹೋಯಿತು. ಬಳೆ ಅಡವಿಟ್ಟೆ, ಅದರಲ್ಲೂ ಕಲ್ಲಿನ ತೂಕ ಅಂತ ಕಳೆದರು, ಕಲ್ಲೇ ಇರಲಿಲ್ಲ ಅದರಲ್ಲಿ! ಇದರ ನಡುವೆ ನೋಡಲು ಬಂದವರೆಲ್ಲ ಒಂದು ಕೈಯಲ್ಲಿ ಮೂಸಂಬಿ, ಇನ್ನೊಂದು ಕೈಯಲ್ಲಿ ಯೋಬ. ಅವರು ಯಾರೂ ಯೋಬನ ಪುಸ್ತಕದ ಎರಡನೇ ಅಧ್ಯಾಯ ದಾಟಿಲ್ಲ. ಮೂರನೆಯದರಲ್ಲಿ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅಲ್ಲಿಂದ ಅಧ್ಯಾಯಗಟ್ಟಲೆ ದೇವರ ಹತ್ತಿರ ವಾದ ಮಾಡುತ್ತಾನೆ. ಕೊನೆಗೆ ದೇವರು ಬೈದದ್ದು ಯಾರಿಗೆ? ಬುದ್ಧಿ ಹೇಳಲು ಬಂದ ಸ್ನೇಹಿತರಿಗೆ. ಅವರು ಮೊದಲ ಏಳು ದಿನ ಮಾತಾಡದೆ ನೆಲದ ಮೇಲೆ ಜೊತೆಗೆ ಕೂತಿದ್ದರು ನೋಡಿ, ಅದೊಂದೇ ಅವರು ಮಾಡಿದ ಒಳ್ಳೆ ಕೆಲಸ. ನಾನು ಅವತ್ತಿನಿಂದ ಆಸ್ಪತ್ರೆಗೆ ಯಾರನ್ನು ನೋಡಲು ಹೋದರೂ ವಚನ ಹೇಳುವುದಿಲ್ಲ. ಫ್ಲಾಸ್ಕಿನಲ್ಲಿ ಗಂಜಿ ತಗೊಂಡು ಹೋಗುತ್ತೇನೆ. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಶಿರಸಿ ತೋಟ:
ನನ್ನದು ಇಸ್ರಾಯೇಲ್ಯರ ಸೇನಾನಾಯಕ ಗಿದ್ಯೋನನ ಕಥೆ. ಅಡಿಕೆ ಫಸಲು ಗುತ್ತಿಗೆ ಹಿಡಿಯಬೇಕೋ ಬೇಡವೋ ಅಂತ ಒದ್ದಾಡುತ್ತಿದ್ದಾಗ, ಅವನು ಯುದ್ಧಕ್ಕೆ ಹೋಗುವ ಮುಂಚೆ ಕಣದಲ್ಲಿ ಉಣ್ಣೆ ಇಟ್ಟು ದೇವರ ಹತ್ತಿರ ಗುರುತು ಕೇಳಿದ ಹಾಗೆ ನಾನೂ ಕೇಳಿದೆ. ಭಾನುವಾರದ ಒಳಗೆ ಮಳೆ ಬಿಟ್ಟರೆ ಹಿಡಿಯುತ್ತೇನೆ ಅಂದೆ. ಬಿಟ್ಟಿತು. ಗುತ್ತಿಗೆ 3,40,000. ಕೊಳೆರೋಗದ ಮದ್ದಿಗೆ ಮೈಲುತುತ್ತು, ಸುಣ್ಣ, ರಾಳ ಎಲ್ಲ ಸೇರಿ 38,000. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಕೂಲಿ ಬೇರೆ, ಅವನಿಗೆ ಮಧ್ಯಾಹ್ನ ಮೀನೇ ಆಗಬೇಕು. ಎರಡನೇ ಮದ್ದಿನ ಹೊತ್ತಿಗೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕೊಳೆ ಬಂದು ಎಳೆಕಾಯಿಯೆಲ್ಲ ಬುಡಕ್ಕೆ. ಆದರೂ ಹಿಡಿದದ್ದು ಸರಿಯೇ ಅನ್ನುತ್ತೇನೆ. ಮುಂದಿನ ವರ್ಷ ಅದೇ ತೋಟ ಸಾಲದ ಮುಕ್ಕಾಲು ತೀರಿಸಿತು.

ಹೊನ್ನಾವರ ಟೀಚರ್:
ಮಾರಾಯ್ರೇ, ಗಿದ್ಯೋನನಿಗೆ ದೇವರು ಮೊದಲೇ ಹೋಗು ಅಂದಿದ್ದರು. "ನೀನು ಹೇಳಿದಂತೆ" ಅಂತ ಅವನೇ ಶುರು ಮಾಡುತ್ತಾನೆ. ಹೆದರಿ ಕೇಳಿದ, ಎರಡನೇ ಸಲ ಕೇಳುವಾಗ ಸಿಟ್ಟು ಮಾಡಬೇಡ ಅಂತ ಬೇಡಿಕೊಂಡ. ವ್ಯಾಪಾರಕ್ಕೆ ಚೀಟಿ ಎತ್ತಿದ್ದಲ್ಲ ಅದು.

ಶಿರಸಿ ತೋಟ:
ಸಂಬಳದವರಿಗೆ ಹೀಗೆ ಹೇಳುವುದು ಸುಲಭ. ಮಳೆ ನಂಬಿ ಬದುಕುವವರು ಆಕಾಶ ನೋಡದೆ ಇನ್ನೇನು ನೋಡಬೇಕು? ಗಿದ್ಯೋನನ 32,000 ಸೈನಿಕರಲ್ಲಿ 300 ಉಳಿದರೂ ಗೆದ್ದ ಅನ್ನುವುದು ನಿಮ್ಮ ಪುಸ್ತಕದಲ್ಲಿ ಇಲ್ವಾ?

ಬೈತಖೋಲ ಬೋಟ್:
ಜಗಳ ಬಿಡಿ. ಸಮುದ್ರದವರಿಗೆ ಬೈಬಲಿನಲ್ಲಿ ಮೊದಲು ಸಿಗುವುದು ಯೇಸುವಿನ ಶಿಷ್ಯನಾದ ಮೀನುಗಾರ ಪೇತ್ರನ ಬಲೆ. ಎಲ್ಲರೂ ಬಲೆ ತುಂಬಿದ್ದನ್ನೇ ಹೇಳುತ್ತಾರೆ. ಲೂಕನ ಸುವಾರ್ತೆಯಲ್ಲಿ ಸರಿಯಾಗಿ ಓದಿ, ಅಷ್ಟು ಮೀನು ಸಿಕ್ಕ ದಿನವೇ ಅವನು ದೋಣಿ ಬಿಟ್ಟು ಯೇಸುವಿನ ಹಿಂದೆ ಹೋದ. ಹಾಗಾಗಿ ಆ ಕಥೆ ತೋರಿಸಿ ನನಗೆ ಒಳ್ಳೆ ಸೀಸನ್ ಆಗುತ್ತದೆ ಅಂತ ಯಾರೂ ಹೇಳಬೇಡಿ. ನನಗೆ ಹಿಡಿಸಿದ್ದು ಕೈದಿಯಾಗಿ ಹೋಗುತ್ತಿದ್ದ ಅಪೊಸ್ತಲ ಪೌಲನ ಹಡಗು ಒಡೆದದ್ದು, ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ. ಕಾಲ ಸರಿ ಇಲ್ಲ, ಹೋಗಬೇಡಿ ಅಂದ. ಸೇನಾಧಿಕಾರಿ ಹಡಗಿನ ಯಜಮಾನನ ಮಾತು ಕೇಳಿದ. 14ನೇ ರಾತ್ರಿ ಆಳ ಅಳೆಯುತ್ತಾ ಇದ್ದಾರೆ, ಮೊದಲು 20 ಮಾರು, ಆಮೇಲೆ 15. ದಡ ಹತ್ತಿರ ಬಂತು ಅಂತ ನಮಗೆ ಓದುವಾಗಲೇ ಗೊತ್ತಾಗುತ್ತದೆ. ಆಗ ಪೌಲ ಮೊದಲು ಊಟ ಮಾಡಿ ಅಂದ, ತಾನೇ ರೊಟ್ಟಿ ಮುರಿದು ತಿಂದ. ಉಂಡ ಮೇಲೆ ಉಳಿದ ಗೋಧಿ ಸಮುದ್ರಕ್ಕೆ. ಹಡಗು ಹೋಯಿತು, 276 ಜನರೂ ಉಳಿದರು.
ನನ್ನ ಬೋಟಿನ ಗೇರ್‌ಬಾಕ್ಸ್ ಎರಡು ಸಲ ಹೋಯಿತು, 1,65,000 ಮತ್ತು 92,000. ಬಲೆಗೆ ಅಂಬಲಿಮೀನು (ಜೆಲ್ಲಿಫಿಶ್) ಬಂದು ಹರಿದದ್ದು ಲೆಕ್ಕಕ್ಕಿಲ್ಲ. ಜೂನ್-ಜುಲೈ ಮೀನುಗಾರಿಕೆ ಬಂದ್, ಬಡ್ಡಿಗೆ ಬಂದ್ ಇಲ್ಲ. ಬೋಟಿನ ಪಾಲು ಮಾರಿದೆ, ಬೋಟಿನಲ್ಲಿ ದುಡಿದ ಖಲಾಸಿಗಳ ಬಾಕಿ ಮೊದಲು ಕೊಟ್ಟೆ. ಊರಲ್ಲಿ ನಗುತ್ತಾರೆ. ನಗಲಿ, ನನ್ನ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ.

ಕಾಳಿ ದಂಡೆ:
ನಷ್ಟಕ್ಕೆ ಕಾರಣ ಗೇರ್‌ಬಾಕ್ಸ್ ಅಲ್ಲ ಮಾರಾಯ, ರಾತ್ರಿ ಬೋಟಿನಿಂದ ಲೈಟ್ ಹಾಕಿ ಮೀನು ಸೆಳೆದು ಹಿಡಿದು ಹಿಡಿದು ಮರಿಮೀನೆಲ್ಲ ಖಾಲಿ ಮಾಡಿದಿರಿ. 2017ರಲ್ಲೇ ಕೇಂದ್ರ ಸರ್ಕಾರ ಅದನ್ನು ನಿಷೇಧ ಮಾಡಿದೆ. ಸಣ್ಣ ಪಾತಿದೋಣಿಯವರು ಏನು ತಿನ್ನಬೇಕು? ಪೇತ್ರನೂ ರಾತ್ರಿಯೇ ಹೋಗುತ್ತಿದ್ದ, ಜನರೇಟರ್ ಇಟ್ಟುಕೊಂಡಿರಲಿಲ್ಲ.

ಬೈತಖೋಲ ಬೋಟ್:
ನಾನು ಲೈಟ್ ಹಾಕಿದ್ದನ್ನು ನೋಡಿದವರು ಮುಂದೆ ಬರಲಿ. ಸುಮ್ನೆ ಬಾಯಿಗೆ ಬಂದದ್ದು ಬರೆಯಬೇಡಿ.

ಅಂಕೋಲಾ ಶೆಟ್ಲಿ ಉಪ್ಪಿನಕಾಯಿ:
ಕುಮಟಾದ ಅಕ್ಕ, ಬೈಬಲಿನ ಎರಡನೇ ಅರಸುಗಳು ಪುಸ್ತಕದ 4ನೇ ಅಧ್ಯಾಯ ತೆಗೆಯಿರಿ. ಒಬ್ಬ ಹೆಂಗಸಿನ ಗಂಡ ಸತ್ತಿದ್ದಾನೆ, ಸಾಲ ಕೊಟ್ಟವನು ಅವಳ ಎರಡು ಗಂಡುಮಕ್ಕಳನ್ನು ಎಳೆದುಕೊಂಡು ಹೋಗಲು ಬಂದಿದ್ದಾನೆ. ಪ್ರವಾದಿ ಎಲೀಷ ಕೇಳಿದ್ದು ಮನೆಯಲ್ಲಿ ಏನಿದೆ ಅಂತ. ಒಂದು ಪಾತ್ರೆ ಎಣ್ಣೆ. ನೆರೆಯವರಿಂದ ಖಾಲಿ ಪಾತ್ರೆ ತಂದು ಬಾಗಿಲು ಹಾಕಿಕೊಂಡು ಎಣ್ಣೆ ಸುರಿ ಅಂದ, ಪಾತ್ರೆಯೆಲ್ಲ ತುಂಬಿತು. ಕೊನೆಗೆ ಏನು ಹೇಳಿದ? ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ಬದುಕು. ಅವಳಿಂದ ಕಾಣಿಕೆ ಕೇಳಲಿಲ್ಲ! ನನಗೆ ಒಬ್ಬ ಬೋಧಕರು ಇದೇ ಕಥೆ ಹೇಳಿ, ವಿಶ್ವಾಸದ ಬೀಜ ಬಿತ್ತಿ ಅಂತ 25,000 ಕೇಳಿದ್ದರು. ಅಧ್ಯಾಯ ತೆರೆದು ಎಣ್ಣೆ ಮಾರು ಅನ್ನುವ ಏಳನೇ ವಚನಕ್ಕೆ ಬೆರಳಿಟ್ಟು ತೋರಿಸಿದೆ, ಆಮೇಲೆ ನಮ್ಮ ಮನೆ ಕಡೆ ಬರಲಿಲ್ಲ. ನನ್ನ ಹತ್ತಿರ ಇದ್ದದ್ದು ಅಮ್ಮನ ಕೈಮಸಾಲೆ, ಅದರಲ್ಲೇ ಉಪ್ಪಿನಕಾಯಿ ಮಾಡಿ ಮಾರಿದೆ. ಶೆಟ್ಲಿ (ಸಿಗಡಿ) ಸುಲಿದು, ಅರಿಶಿನ ಉಪ್ಪು ಹಚ್ಚಿ, ನೀರೆಲ್ಲ ಆರುವ ತನಕ ಹುರಿಯಬೇಕು. ಸ್ವಲ್ಪ ಪಸೆ ಉಳಿದರೂ ಬೂಸ್ಟು ಬರುತ್ತದೆ. ಮೊದಲ ಸಲ ತರಿಸಿದ ಬಾಟಲಿಗಳ ಮುಚ್ಚಳ ಸೋರಿ 4,200 ರೂಪಾಯಿ ಮಾಲು ಬಸ್ಸಿನ ಡಿಕ್ಕಿಯಲ್ಲೇ ಚೆಲ್ಲಿತು, ಕಂಡಕ್ಟರ್ ಬೈಗುಳ ಬೇರೆ.

ಶಿರಸಿ ತೋಟ:
ಎಲ್ಲ ಬೋಧಕರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನನ್ನ ಕೊಳೆ ವರ್ಷದಲ್ಲಿ ಅಕ್ಕಿ ಚೀಲ ಹೊತ್ತು ತಂದವರು ನಮ್ಮ ಬೋಧಕರೇ.

ಅಂಕೋಲಾ ಶೆಟ್ಲಿ ಉಪ್ಪಿನಕಾಯಿ:
ನಾನು ಒಬ್ಬರ ವಿಷಯ ಹೇಳಿದ್ದು. ನಿಮಗೆ ಯಾಕೆ ಚುಚ್ಚಿತು?

ಕುಮಟಾದಿಂದ:
ನಿನ್ನೆ ರಾತ್ರಿ ಯೋಬನ ಮೂರನೇ ಅಧ್ಯಾಯ ಓದಿದೆವು. "ಇದು ಇಷ್ಟು ದಿನ ಎಲ್ಲಿತ್ತು?" ಅಂದರು. ಇವತ್ತು ಪೌಲನ ಹಡಗು. ಇವರು ಹತ್ತು ವರ್ಷ ಹೋಟೆಲ್ ಅಡುಗೆಮನೆಯಲ್ಲಿದ್ದವರು. ಮನೆಯಲ್ಲಿ ಏನಿದೆ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಅನಿಸುತ್ತಿದೆ. ಅಂಕೋಲಾದ ತಂಗಿ, ಸೋರದ ಮುಚ್ಚಳ ಆಮೇಲೆ ಎಲ್ಲಿ ಸಿಕ್ಕಿತು?

ಕಾಳಿ ದಂಡೆ:
ಮುಚ್ಚಳ ಇರಲಿ, ಲೈಟಿನ ವಿಷಯಕ್ಕೆ ಬೈತಖೋಲದವರು ಇನ್ನೂ ಉತ್ತರ ಕೊಟ್ಟಿಲ್ಲ.