ಎರಡು ಪದರದ ನಂತರ ಕಾರ್ಡಿನ ಮೇಲೆ ಬಣ್ಣ ಹಿಡಿಯುತ್ತಿಲ್ಲ: ಪೆನ್ಸಿಲ್ ಬದಲಿಸಬೇಕೇ?

ಪ್ರಶ್ನೆ:
ತಂಗಿಯ ಸೀಮಂತಕ್ಕೆ ಬರುವವರಿಗೆ ಕೊಡಲೆಂದು ದಾಸವಾಳದ ಚಿತ್ರವಿರುವ 30 ಕಾರ್ಡುಗಳನ್ನು ಕೈಯಿಂದಲೇ ತಯಾರಿಸುತ್ತಿದ್ದೇನೆ. ರಬ್ಬರ್ ಅಚ್ಚಿನಿಂದ ಹೂವಿನ ಗೆರೆಗಳನ್ನು ಒತ್ತಿ, ಶಾಲಾಮಕ್ಕಳ ಸಾಮಾನ್ಯ ಬಣ್ಣದ ಪೆನ್ಸಿಲ್‌ಗಳಿಂದ ತುಂಬುತ್ತಿದ್ದೇನೆ. ಗುಲಾಬಿಯ ಮೇಲೆ ಕೆಂಪು ಹಾಕುವವರೆಗೆ ಎಲ್ಲವೂ ಸರಿಯಾಗಿರುತ್ತದೆ. ಮೂರನೆಯ ಬಣ್ಣ ಮಾತ್ರ ಜಾರುತ್ತದೆ, ಎಸಳಿನ ಬುಡ ಮೇಣ ತಿಕ್ಕಿದಂತೆ ಮಿರುಗುತ್ತದೆ. ಬಣ್ಣಗಳು ಬೆರೆಯಲಿ ಎಂದು ಹತ್ತಿಯಲ್ಲಿ ತುಸು ಕೊಬ್ಬರಿ ಎಣ್ಣೆ ಅದ್ದಿ ಸವರಿದೆ. ಬೆಳಗಾಗುವಷ್ಟರಲ್ಲಿ ಕಾರ್ಡಿನ ಹಿಂಬದಿಯಲ್ಲಿ ಬಜ್ಜಿ ಕಟ್ಟಿದ ಕಾಗದದಂತಹ ಕಲೆ ಮೂಡಿತ್ತು. 72 ಬಣ್ಣಗಳ ದುಬಾರಿ ಪೆಟ್ಟಿಗೆಯನ್ನು ತರಿಸಿದರೆ ಈ ತೊಂದರೆ ನೀಗುತ್ತದೆಯೇ?

ಉತ್ತರ:
ಪೆಟ್ಟಿಗೆಯನ್ನು ಈಗಲೇ ತರಿಸಬೇಡಿ. ನೀವು ಹೇಳುತ್ತಿರುವ ಲಕ್ಷಣಗಳು ಕಾಗದದ ಕಡೆಗೆ ಬೆರಳು ತೋರಿಸುತ್ತಿವೆ. ಬಣ್ಣದ ಪೆನ್ಸಿಲ್ ಕಾಗದಕ್ಕೆ ಇಂಗುವುದಿಲ್ಲ, ಅದರ ಮೇಲ್ಮೈಯ ಸಣ್ಣ ತರಿಗಳ ನಡುವೆ ಕೂರುತ್ತದೆ. ಹೊಳಪಿನ ಲೇಪವಿರುವ ಕಾರ್ಡಿನಲ್ಲಿ ಆ ತರಿಯೇ ಇರುವುದಿಲ್ಲವಾದ್ದರಿಂದ ಎರಡು ಪದರಕ್ಕೆ ಜಾಗವೆಲ್ಲ ತುಂಬಿ, ಮೂರನೆಯದು ಮೇಣದ ಮೇಲೆ ಮೇಣವಾಗಿ ಜಾರುತ್ತದೆ. ಅದೇ ಕಾರ್ಡಿನ ಹಿಂಬದಿ ಒರಟಾಗಿದ್ದರೆ ಅಲ್ಲಿ ಒಂದು ಎಸಳನ್ನು ಬರೆದು ನೋಡಿ. ಪೆನ್ಸಿಲನ್ನು ಚೂಪಾಗಿಸಿ, ತುದಿಗಿಂತ ಸಾಕಷ್ಟು ಹಿಂದೆ ಹಿಡಿದು, ಅದರ ತೂಕದಷ್ಟೇ ಒತ್ತಡದಲ್ಲಿ ಚಿಕ್ಕ ಚಿಕ್ಕ ಸುತ್ತುಗಳನ್ನು ಹಾಕಿ. ಮೊದಲ ಪದರವು ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗಿರಬೇಕು.

ಮರುಪ್ರಶ್ನೆ:
ಹಿಂಬದಿಯಲ್ಲಿ ಐದು ಪದರಗಳು ಹಿಡಿದವು! ಆದರೆ ಗುಲಾಬಿ ಮುಗಿದು ಕೆಂಪು ಶುರುವಾಗುವ ಕಡೆ ಸೀರೆಯ ಅಂಚಿನಂತೆ ಗೆರೆ ಕಾಣುತ್ತಿದೆ. ಒಳ್ಳೆಯ ಪೆನ್ಸಿಲ್ ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ?

ಉತ್ತರ:
ಹಾಗಾದರೆ ಲೇಪವಿಲ್ಲದ, 200ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದಕ್ಕೆ ಇಷ್ಟು ಗ್ರಾಂ) ತೂಕದ ಕಾರ್ಡನ್ನು ತನ್ನಿ. ಜಿಎಸ್‌ಎಂ ಕಾಗದದ ತೂಕವನ್ನಷ್ಟೇ ಹೇಳುತ್ತದೆ, ತರಿಯನ್ನಲ್ಲ. ಅದಕ್ಕಾಗಿ ಅಂಗಡಿಯಲ್ಲಿಯೇ ಬೆರಳು ಸವರಿ ನೋಡಬೇಕು. ಜಲವರ್ಣದ ತೀರಾ ಒರಟು ಹಾಳೆಯೂ ಬೇಡ, ಅದರ ಗುಳಿಗಳಲ್ಲಿ ಬಿಳಿ ಚುಕ್ಕೆಗಳು ಉಳಿಯುತ್ತವೆ.

ಪೆನ್ಸಿಲ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಪ್ರಿಸ್ಮಾಕಲರ್ ಪ್ರೀಮಿಯರ್‌ನಂತಹ ಮೇಣ ಪ್ರಧಾನವಾದವು ಮೃದುವಾಗಿದ್ದು ಬೇಗನೆ ಬೆರೆಯುತ್ತವೆ, ಆದರೆ ದಪ್ಪಗೆ ಹಚ್ಚಿದರೆ ಕೆಲವು ದಿನಗಳಲ್ಲಿ ಮೇಣ ಮೇಲೆದ್ದು ಬೂದಿ ಹಿಡಿದಂತೆ ಮಸುಕಾಗಬಹುದು. ಮೆತ್ತನೆಯ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಅದು ಹೋಗುತ್ತದೆ. ಫೇಬರ್-ಕ್ಯಾಸೆಲ್ ಪಾಲಿಕ್ರೋಮೋಸ್ ಎಣ್ಣೆ ಪ್ರಧಾನವಾದುದು. 1908ರಿಂದಲೂ ತಯಾರಾಗುತ್ತಿರುವ ಈ ಪೆನ್ಸಿಲ್ ತುಸು ಗಟ್ಟಿಯಾಗಿದ್ದು, ಚೂಪನ್ನು ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ. ಹೆಬ್ಬೆರಳಿನಷ್ಟು ಅಗಲದ ಎಸಳಿಗೆ ನಾನಂತೂ ಇದನ್ನೇ ಆರಿಸುತ್ತೇನೆ. ಪೆಟ್ಟಿಗೆಯ ಬದಲು ಬಿಡಿಯಾಗಿ ಆರು ಸಾಕು: ತಿಳಿಗುಲಾಬಿ, ಕೆಂಪು, ಕಡುಗೆಂಪು, ಹಳದಿ ಮತ್ತು ಎರಡು ಹಸಿರು. ಕಪ್ಪನ್ನು ಕೊಳ್ಳಬೇಡಿ. ಎಸಳಿನ ಬುಡಕ್ಕೆ ನೆರಳು ಬೇಕೆಂದರೆ ಕೆಂಪಿನ ಅಡಿಯಲ್ಲಿ ಕಡುಹಸಿರನ್ನು ತೆಳ್ಳಗೆ ಹಾಕಿ; ಕೆಂಪು ತಾನಾಗಿ ಆಳವಾಗುತ್ತದೆ, ಕಪ್ಪು ಹಾಕಿದರೆ ಹೂವಿಗೆ ಮಸಿ ಬಳಿದಂತಾಗುತ್ತದೆ.

ಇನ್ನು ಆ ಗೆರೆ. ಕೆಂಪನ್ನು ಗುಲಾಬಿಯ ಅಂಚಿನಲ್ಲಿ ನಿಲ್ಲಿಸದೆ ಅರ್ಧದವರೆಗೆ ಒಳಗೆ ತಂದು, ಬರಬರುತ್ತ ಒತ್ತಡವನ್ನು ಕಡಿಮೆ ಮಾಡಿ, ಬಳಿಕ ಗುಲಾಬಿಯಿಂದಲೇ ಎರಡರ ಮೇಲೂ ಮತ್ತೊಮ್ಮೆ ಹೋಗಿ. ಬಹುಪಾಲು ಅಷ್ಟಕ್ಕೇ ಗೆರೆ ಕರಗುತ್ತದೆ.

ಇನ್ನೊಬ್ಬರ ಉತ್ತರ:
ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ. 30 ಕಾರ್ಡುಗಳನ್ನು ಹೀಗೆ ಪದರಪದರವಾಗಿ ತುಂಬುವಾಗ ಕೈ ಸೋಲುತ್ತದೆ. ಎರಡು ಮೂರು ಪದರಗಳಾದ ಮೇಲೆ ಬಣ್ಣ ತೆಳುಗೊಳಿಸುವ ದ್ರಾವಕವಾದ ವಾಸನೆರಹಿತ ಮಿನರಲ್ ಸ್ಪಿರಿಟ್ಟನ್ನು ಬಳಸಬಹುದು. ಅದು ಮೇಣವನ್ನೂ ಎಣ್ಣೆಯನ್ನೂ ಸಡಿಲಿಸಿ ನಂತರ ಆರಿಹೋಗುತ್ತದೆ, ಕೊಬ್ಬರಿ ಎಣ್ಣೆಯಾದರೋ ಕಾಗದದಲ್ಲಿಯೇ ಉಳಿಯುತ್ತದೆ. ಬಣ್ಣ ತಿಕ್ಕಲು ಕಾಗದವನ್ನು ಬಿಗಿಯಾಗಿ ಸುತ್ತಿ ಮಾಡಿದ ಕಡ್ಡಿಯಾದ ಸ್ಟಂಪಿನ ತುದಿಗೆ ಮಾತ್ರ ತಾಗಿಸಿ, ಬಟ್ಟೆಗೆ ಒತ್ತಿ ಹೆಚ್ಚಿನದನ್ನು ತೆಗೆದು, ತಿಳಿ ಬಣ್ಣದಿಂದ ಕಡು ಬಣ್ಣದ ಕಡೆಗೆ ತಿಕ್ಕಿ. ತಿರುಗುಮುರುಗಾದರೆ ಗುಲಾಬಿಯೆಲ್ಲ ಕೆಂಪಾಗುತ್ತದೆ. ಕಿಟಕಿ ತೆರೆದಿರಲಿ, ಒಲೆ ಮತ್ತು ದೀಪದಿಂದ ದೂರ ಕುಳಿತುಕೊಳ್ಳಿ. ಸೀಮಂತದ ಬಸುರಿಯನ್ನಂತೂ ಆ ಕೋಣೆಯಲ್ಲಿ ಕೂರಿಸಿಕೊಳ್ಳಬೇಡಿ.

ಅಚ್ಚಿನ ಶಾಯಿಯನ್ನೂ ಮೊದಲೇ ಪರೀಕ್ಷಿಸಿ. ಬೇಡದ ತುಂಡಿನ ಮೇಲೆ ಒತ್ತಿ, ಪೂರ್ತಿ ಒಣಗಿದ ಮೇಲೆ ಸ್ಪಿರಿಟ್ ತಾಗಿಸಿದ ಸ್ಟಂಪಿನಿಂದ ತಿಕ್ಕಿ ನೋಡಿ. ಕಪ್ಪು ಹರಡಿದರೆ ಆ ಶಾಯಿಯ ಮೇಲೆ ಸ್ಪಿರಿಟ್ ಬೇಡ, ಒಣ ಪದರಗಳಲ್ಲಿಯೇ ಕೆಲಸ ಮುಗಿಸಿ.