‘ಪಿಕ್ ಅಪ್ ಹಿಮ್’ ಯಾಕೆ ತಪ್ಪು?

ಹಂಪನಕಟ್ಟೆಯವ: ‘ಪಿಕ್ ಅಪ್ ಮೈ ಬ್ರದರ್ ಫ್ರಮ್ ಸ್ಟೇಟ್ ಬ್ಯಾಂಕ್’ ಸರಿಯಂತೆ, ‘ಪಿಕ್ ಅಪ್ ಹಿಮ್’ ತಪ್ಪಂತೆ. ಎಂತ ಲೆಕ್ಕ ಮಾರಾಯ್ರೆ ಇದು?

ವ್ಯಾಕರಣಭಟ್ರು: ಹಿಮ್, ಹರ್, ಇಟ್, ದೆಮ್ ಬಂದರೆ ನಡುವೆಯೇ ಕೂರಬೇಕು: ‘ಪಿಕ್ ಹಿಮ್ ಅಪ್’, ‘ಸ್ವಿಚ್ ಇಟ್ ಆಫ್’. ನಾಮಪದಕ್ಕೆ ಎರಡೂ ಜಾಗ ನಡೆಯುತ್ತದೆ: ‘ಸ್ವಿಚ್ ಆಫ್ ದ ಫ್ಯಾನ್’, ‘ಸ್ವಿಚ್ ದ ಫ್ಯಾನ್ ಆಫ್’. ಆದರೆ ‘ಲುಕ್ ಆಫ್ಟರ್’, ‘ಲುಕ್ ಫಾರ್’, ‘ರನ್ ಇನ್‌ಟು’ ಇವನ್ನು ಒಡೆಯುವ ಹಾಗಿಲ್ಲ. ‘ಲುಕ್ ಹರ್ ಆಫ್ಟರ್’ ಅಂದರೆ ಕೆಟ್ಟಿತು.

ಹಂಪನಕಟ್ಟೆಯವ: ‘ಪುಟ್ ಅಪ್ ವಿತ್’ ಥರ ಮೂರು ಪದದ್ದು?

ವ್ಯಾಕರಣಭಟ್ರು: ಸರ್ವನಾಮ ಕೊನೆಗೆ. ‘ಐ ಕಾಂಟ್ ಪುಟ್ ಅಪ್ ವಿತ್ ಇಟ್’, ಅಂದರೆ ಸಹಿಸಲಿಕ್ಕೆ ಆಗುವುದಿಲ್ಲ.

ಮಲ್ಪೆ ಕಡೆಯವಳು: ನಮ್ಮೂರಲ್ಲಿ ಹೆಚ್ಚು ತಪ್ಪುವುದು ಬಸ್ಸಿನಲ್ಲಿ. ‘ಇಳಿ’ ಅಂತ ‘ಗೆಟ್ ಡೌನ್ ಅಟ್ ಕಲ್ಸಂಕ’ ಅನ್ನುತ್ತೇವೆ. ಇಲ್ಲಿ ನಡೆಯುತ್ತದೆ, ಹೊರದೇಶದವರಿಗೆ ವಿಚಿತ್ರ. ಬಸ್, ರೈಲಿಗೆ ‘ಗೆಟ್ ಆಫ್’; ಕಾರಿಗೆ ‘ಗೆಟ್ ಔಟ್ ಆಫ್’. ಮತ್ತೆ, ಮಳೆಗೆ ಮ್ಯಾಚ್ ‘ಪುಟ್ ಆಫ್’ ಆದರೆ ಇನ್ನೊಂದು ದಿನ ಉಂಟು, ‘ಕಾಲ್ಡ್ ಆಫ್’ ಆದರೆ ರದ್ದೇ. ‘ಕೋಪ್ ಅಪ್ ವಿತ್’ ಬಿಟ್ಟುಬಿಡಿ, ‘ಕೋಪ್ ವಿತ್’ ಸಾಕು.