ಕೆರೆ ಹತ್ರ ಜಿಂಕೆ ಸತ್ತಿದೆ, ಇನ್ನೊಂದು ಕುಂಟ್ತಿದೆ, ಏನ್ ಮಾಡ್ಲಿ?

ಮುತ್ತೋಡಿ ಕಾಡಿನ ಅಂಚಲ್ಲಿ ನಮ್ ತೋಟ. ನಿನ್ನೆ ಕೆರೆ ಹತ್ರ ಒಂದ್ ಜಿಂಕೆ ಸತ್ತು ಬಿದ್ದಿತ್ತು, ಇವತ್ತು ಇನ್ನೊಂದು ಜೊಲ್ಲು ಸುರಿಸ್ಕೊಂಡು ಕುಂಟ್ತಾ ಇದೆ. ನಮ್ ದನ ನೀರು ಕುಡಿಯೋದೂ ಅಲ್ಲೇ. ಅನುಭವ ಇರೋರು ಹೇಳಿ.

ಮೂಡಿಗೆರೆಯಿಂದ:
ಅಣ್ಣಾ, ಮೊದ್ಲು ದನನ ಆ ಕೆರೆಗೆ ಬಿಡೋದು ನಿಲ್ಸಿ, ನಾಯಿಗಳನ್ನ ಕಟ್ಹಾಕಿ, ಹೆಣ ಯಾರೂ ಮುಟ್ಬೇಡಿ. ನಮ್ಮಲ್ಲಿ ಒಂದ್ ಕಡವೆ ಸತ್ತಾಗ ನಾನೇ ಕೋಲಲ್ಲಿ ಹೊರಳಿಸಿ ನೋಡಿದ್ದೆ, ಹೊಟ್ಟೆ ಊದಿತ್ತು, ಮೂಗಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ, ಡಾಕ್ಟ್ರು ಬಂದು ಚೆನ್ನಾಗಿ ಬೈದ್ರು. ಅದು ನೆರಡಿ ರೋಗದ ಲಕ್ಷಣ, ಆಂಥ್ರಾಕ್ಸ್ ಅಂತಾರಲ್ಲ ಅದೇ. ಹೆಣ ಕೊಯ್ದ್ರೆ ಗಾಳಿ ತಾಗಿ ರೋಗಾಣು ಬೀಜದ ಥರ ಗಟ್ಟಿಯಾಗಿ ಮಣ್ಣಲ್ಲಿ ಹತ್ತಾರು ವರ್ಷ ಉಳ್ಕೊಳ್ಳುತ್ತೆ, ಮನುಷ್ಯರಿಗೂ ಬರುತ್ತೆ. ಅದಕ್ಕೇ ಅನುಮಾನ ಇದ್ರೆ ಡಾಕ್ಟ್ರು ಪೋಸ್ಟ್‌ಮಾರ್ಟಮ್ಮೇ ಮಾಡಲ್ಲ, ಕಿವಿಯಿಂದ ಒಂದ್ ಹನಿ ರಕ್ತ ಸ್ಲೈಡ್ ಮೇಲೆ ತಗೊಂಡು ನೋಡ್ತಾರೆ. ತೋಟದ ಲೈನ್ ಮನೇಲಿರೋ ಕೆಲಸದೋರು ಮಾಂಸಕ್ಕೆ ಆಸೆಪಟ್ರೆ ಕೂತ್ಕೊಂಡು ಸಮಾಧಾನವಾಗಿ ತಿಳಿಸಿ, ಇದು ಪ್ರಾಣದ ವಿಷಯ.

ಸಕಲೇಶಪುರದಿಂದ:
ಜೊಲ್ಲು, ಕುಂಟು ಎರಡೂ ಇದ್ರೆ ಕಾಲುಬಾಯಿ ಜ್ವರ ಇರ್ಬಹುದು, ಬಾಯಲ್ಲಿ, ಗೊರಸಿನ ಸಂದಿಲಿ ಹುಣ್ಣಾಗುತ್ತೆ. ಉರುಳಿಗೆ ಸಿಕ್ಕಿದ್ರೂ ಕುಂಟುತ್ತೆ, ಹಾಗಾಗಿ ನೀವೇ ತೀರ್ಮಾನ ಮಾಡ್ಬೇಡಿ. ಹಿಡಿಯೋಕೆ ಅಟ್ಟಿಸ್ಕೊಂಡು ಹೋಗ್ಬೇಡಿ, ಜಿಂಕೆ ಗಾಬರಿಗೇ ಸತ್ತೋಗುತ್ತೆ, ದೂರದಿಂದ ಝೂಮ್ ಹಾಕಿ ವಿಡಿಯೋ ತೆಗೀರಿ. ಇನ್ನೊಂದು ಮಾತು, ಕಾಡಿಗೆ ರೋಗ ಹೋಗೋದು ಎಷ್ಟೋ ಸಲ ನಮ್ ದನಗಳಿಂದ್ಲೇ. ಹಿಂದೆ ದೊಡ್ಡರೋಗ, ಅಂದ್ರೆ ರಿಂಡರ್‌ಪೆಸ್ಟ್, ಕಾಟಿಗಳನ್ನ (ಕಾಡುಕೋಣ) ಹಾಗೇ ಕೊಂದಿದ್ದು ಅಂತ ನಮ್ಮಪ್ಪ ಈಗ್ಲೂ ನೆನೆಸ್ಕೋತಾರೆ. ಲಸಿಕೆ ಹಾಕಿ ಹಾಕಿ ಆ ರೋಗ ಪ್ರಪಂಚದಿಂದ್ಲೇ ಹೋಯ್ತು, 2011ರಲ್ಲಿ ಘೋಷಣೆ ಆಯ್ತು. ಕಾಲುಬಾಯಿ ಲಸಿಕೆ ಆರ್ ತಿಂಗಳಿಗೊಮ್ಮೆ ಫ್ರೀಯಾಗಿ ಹಾಕ್ತಾರೆ, ಈ ಸಲ ಹಾಕ್ಸಿದೀರಾ?

ಕೊಪ್ಪದಿಂದ:
ಫಾರೆಸ್ಟ್ ಸಹಾಯವಾಣಿ 1926, ದನಕ್ಕೆ ಪಶು ಆಂಬುಲೆನ್ಸ್ 1962. ಬೀಟ್ ಗಾರ್ಡ್‌ಗೂ ಹೇಳಿ, ಜಾಗ ಅವರಿಗೇ ಗೊತ್ತಿರೋದು. ಎಷ್ಟು ಪ್ರಾಣಿ, ಯಾವಾಗ ನೋಡಿದ್ರಿ, ಕೆರೆಯಿಂದ ಎಷ್ಟು ದೂರ, ಎಲ್ಲ ಬರೆದಿಟ್ಕೊಳ್ಳಿ, ಲೊಕೇಶನ್ ಕಳ್ಸಿ. ಕೇಸ್ ಆಗುತ್ತೆ ಅಂತ ಹೆದರಿ ಸುಮ್ನಿರೋರು ಜಾಸ್ತಿ, ತಿಳಿಸಿದ್ದಕ್ಕೆ ಯಾರೂ ಕೇಸ್ ಹಾಕಲ್ಲ, ಕೊಂಬೋ ಮಾಂಸನೋ ಎತ್ತಿಟ್ಕೊಂಡ್ರೆ ತೊಂದ್ರೆ.

ಕೇಳಿದವರು:
ಥ್ಯಾಂಕ್ಸ್ ಎಲ್ಲರಿಗೂ. ಗಾರ್ಡ್‌ಗೆ ಫೋನ್ ಮಾಡ್ದೆ, ಡಾಕ್ಟ್ರನ್ನ ಕರ್ಕೊಂಡು ಬರ್ತಾರಂತೆ. ದನ ಕೊಟ್ಟಿಗೇಲೇ ಇದಾವೆ. ಹೋದ್ಸಲದ ಲಸಿಕೆ ತಪ್ಪಿತ್ತು, ಅದನ್ನೂ ಕೇಳ್ತೀನಿ.